ಅಕ್ಕ ಕುಡಿದ ಒಂದು ಲೋಟ

ನನ್ನ ಅಂಗಡಿಯ ಮೇಜಿನ ಮೇಲೆ ಒಂದು ಗಾಜಿನ ಲೋಟವಿದೆ. ಸಪೂರವಾಗಿ, ನೆಟ್ಟಗೆ, ಕೊಳವೆಯನ್ನು ಕತ್ತರಿಸಿ ತಳ ಕೂರಿಸಿದಂತಿದೆ. ಹಿಡಿಕೆ ಇಲ್ಲ, ಹೂವಿನ ಚಿತ್ರ ಇಲ್ಲ, ಹೊಟ್ಟೆ ಸೊಂಟಗಳೂ ಇಲ್ಲ. ಅದರೊಳಗೆ ಒಂದೆರಡು ಬಾಲ್‌ಪೆನ್ನು, ಒಂದು ಟೆಸ್ಟರು, ಮೂತಿ ಸವೆದ ಒಂದು ಸ್ಕ್ರೂಡ್ರೈವರು ಇಟ್ಟಿದ್ದೇನೆ. ತಿಪಟೂರಿನಲ್ಲಿ ಮೋಟರು ರಿವೈಂಡಿಂಗ್ ಮಾಡುವ ಅಂಗಡಿ ನನ್ನದು. ಸುಟ್ಟುಹೋದ ಪಂಪ್‌ಸೆಟ್ ಮೋಟರನ್ನು ಹೊತ್ತು ತರುವ ತೋಟದವರು, ನಾನು ಅದನ್ನು ಬಿಚ್ಚಿ, ಒಳಗೆ ಇಣುಕಿ, ತಲೆ ಅಲ್ಲಾಡಿಸುವವರೆಗೂ ಎದುರಿನ ಬೆಂಚಿನ ಮೇಲೆ ಕೂರಬೇಕಾಗುತ್ತದೆ. ಕೂತವರ ಕಣ್ಣು ಈ ಲೋಟದ ಮೇಲೆ ಬೀಳುತ್ತದೆ. "ರಕ್ತ ಪರೀಕ್ಷೆ ಮಾಡೋದೇನ್ರೀ ಇದು?" ಎಂದು ಒಬ್ಬರು ಕೇಳಿದ್ದರು. ಇನ್ನೊಬ್ಬರು, "ನಮ್ಮ ಡೈರೀಲಿ ಹಾಲಿನ ಡಿಗ್ರಿ ನೋಡೋಕೆ ಹಿಂಗೇ ಒಂದೈತೆ" ಎಂದಿದ್ದರು.

ಹೌದು, ಅಂಥದ್ದೇ ಎಂದು ಇಬ್ಬರಿಗೂ ಹೇಳಿದ್ದೇನೆ. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅಂಗಡಿಯ ಹೊಸ್ತಿಲಿಗೆ ನೀರು ಚಿಮುಕಿಸಿ ಬಾಗಿಲು ತೆಗೆಯುವವನು, ಅದು ಬಿಯರ್ ಕುಡಿಯುವ ಲೋಟ ಎಂದು ಗಿರಾಕಿಗಳಿಗೆ ಹೇಗೆ ಹೇಳುವುದು? ಮನೆಯಲ್ಲಿಡೋಣವೆಂದರೆ ನನ್ನ ಹೆಂಡತಿ, "ತೊಳೆದಿದ್ರೂ ಅಷ್ಟೇ, ತೊಳೀದಿದ್ರೂ ಅಷ್ಟೇ, ನನ್ನ ಅಡಿಗೆಮನೆಗೆ ಅದು ಬ್ಯಾಡ" ಎಂದಳು. ಹಾಗಾಗಿ ಅಂಗಡಿ ಸೇರಿತು. ನಿಮಗೆ ಹೇಳಲು ಅಂಥ ಸಂಕೋಚವಿಲ್ಲ. ನೀವು ನನ್ನ ಬೆಂಚಿನ ಮೇಲೆ ಕೂತಿಲ್ಲವಲ್ಲ.

ಆ ಲೋಟ ತಂದುಕೊಟ್ಟವಳು ನನ್ನ ಅಕ್ಕನ ಮಗಳು ರೂಪಾ. ಜರ್ಮನಿಯ ಕಲೋನ್ ಎಂಬ ಊರಿನಲ್ಲಿ ಒಂದು ಬಗೆಯ ತಿಳಿಯಾದ ಬಿಯರ್ ಮಾಡುತ್ತಾರಂತೆ. ಕೋಲ್ಶ್ ಎಂದು ಅದರ ಹೆಸರು. ಅದನ್ನು ಕುಡಿಯಲು ಅಲ್ಲಿನವರಿಗೆ ಇಂಥ ಲೋಟವೇ ಆಗಬೇಕಂತೆ. ಆ ಊರಿನ ಹೆಸರು ಕೇಳಿದಾಗ ನನಗೆ ನೆನಪಾದದ್ದು ಜ್ವರ. ನಾವು ಚಿಕ್ಕವರಿದ್ದಾಗ ಮನೆಯ ಗೂಡಿನಲ್ಲಿ, ಆ ಊರಿನದೇ ಹೆಸರು ಹೊತ್ತ, ಯೂಡಿಕೋಲನ್ ಎನ್ನುವ ಪುಟ್ಟ ಸೀಸೆ ಇರುತ್ತಿತ್ತು. ಯಾರಿಗಾದರೂ ಜ್ವರ ನೆತ್ತಿಗೇರಿದರೆ ಅದರ ನಾಲ್ಕು ಹನಿಯನ್ನು ಬಟ್ಟೆಗೆ ಹಾಕಿ ಹಣೆಯ ಮೇಲೆ ಹರಡುವುದು. ತಣ್ಣಗೆ ಆವಿಯಾಗುತ್ತ, ನಿಂಬೆ ಸಿಪ್ಪೆಯಂಥ ವಾಸನೆ ಬಿಡುತ್ತ, ಜ್ವರದಲ್ಲೂ ಒಂದು ಸುಖ ಇದೆ ಅನ್ನಿಸುವಂತೆ ಮಾಡುತ್ತಿತ್ತು ಅದು. ಆ ಸುಖಕ್ಕಾಗಿ ನಾನು ಒಂದೆರಡು ಸಲ ಇಲ್ಲದ ಜ್ವರವನ್ನು ತಂದುಕೊಂಡು ಮಲಗಿದ್ದೂ ಉಂಟು. ಆದರೆ ಅಕ್ಕ ಹತ್ತಿರ ಬಂದು, ನನ್ನ ಉಸಿರನ್ನು ಒಮ್ಮೆ ಮೂಸಿ, "ಇವಂಗೆ ಏನೂ ಆಗಿಲ್ಲ, ಎದ್ದು ಇಸ್ಕೂಲಿಗೆ ಹೋಗು" ಎನ್ನುತ್ತಿದ್ದಳು. ಜ್ವರಕ್ಕೆ ಬೇರೆಯದೇ ವಾಸನೆ ಇರುತ್ತದೆ ಎನ್ನುವುದು ಅವಳ ವಾದ. ಅಕ್ಕನ ಮೂಗು ಆಗಿನಿಂದಲೂ ಹಾಗೆ. ಮುಂದೆ ಆ ಮೂಗಿಗೆ ಬೇರೆ ಕೆಲಸ ಬರುತ್ತದೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಅಕ್ಕನನ್ನು ನೊಣವಿನಕೆರೆ ದಾಟಿ ತುರುವೇಕೆರೆ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಗೆ ಕೊಟ್ಟೆವು. ಭಾವ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಅವರಂಥ ಮಾತುಗಾರ ನಮ್ಮ ಸಂಬಂಧದಲ್ಲಿ ಇನ್ನೊಬ್ಬರಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನ ಮಗಳಿಗೆ, ಇಳಿಯುವಷ್ಟರಲ್ಲಿ, ಗಂಡು ಗೊತ್ತು ಮಾಡಿಬಿಡುವ ಪೈಕಿ. ಮೊದಮೊದಲು ಸಂತೆಯ ದಿನ ಮಾತ್ರ ಕುಡಿಯುತ್ತಿದ್ದರು. ಆಮೇಲೆ ಸಂತೆಯ ದಿನಕ್ಕೂ ಬೇರೆ ದಿನಕ್ಕೂ ವ್ಯತ್ಯಾಸ ಉಳಿಯಲಿಲ್ಲ. ಒಂದು ಮಾತು ಹೇಳಬೇಕು: ಭಾವ ಅಕ್ಕನಿಗೆ ಹೊಡೆದವರಲ್ಲ, ಬೈದವರಲ್ಲ. ಕುಡಿದು ಬಂದ ದಿನ ಇನ್ನಷ್ಟು ಮೆತ್ತಗಾಗುತ್ತಿದ್ದರು. ಮಗಳಿಗೆ ಹುರಿದ ಕಡಲೆಕಾಯಿಯ ಪೊಟ್ಟಣ ಕೊಟ್ಟು, ಗೋಡೆಗೆ ಒರಗಿ ಕೂತು, ಹಾಗೆಯೇ ನಿದ್ದೆ ಹೋಗುತ್ತಿದ್ದರು. ಜಗಳವಾಡೋಣವೆಂದರೆ ಎದುರಿಗೆ ಆಳೇ ಇರುತ್ತಿರಲಿಲ್ಲ. ಅಕ್ಕನಿಗೆ ಅದೇ ದೊಡ್ಡ ಶಿಕ್ಷೆಯಾಗಿತ್ತು.

ವಾಸನೆ ಮುಚ್ಚಲು ಭಾವ ಪಟ್ಟ ಪಾಡನ್ನು ನೆನೆದರೆ ಈಗಲೂ ನಗು ಬರುತ್ತದೆ, ನಕ್ಕ ಮೇಲೆ ಯಾಕಾದರೂ ನಕ್ಕೆನೋ ಅನ್ನಿಸುತ್ತದೆ. ಲವಂಗ, ಏಲಕ್ಕಿ, ಸೋಂಪು, ಸೀಬೆ ಎಲೆ, ಕಾಫಿಪುಡಿ, ಎಲ್ಲವನ್ನೂ ಅಗಿದು ಬರುತ್ತಿದ್ದರು. ಬಾಯಿ ಒಂದು ಕಿರಾಣಿ ಅಂಗಡಿಯಂತೆ ಘಮ್ಮೆನ್ನುತ್ತಿತ್ತು. ಅಕ್ಕ ಬಾಗಿಲಲ್ಲಿ ಕೂತಿರುತ್ತಿದ್ದಳು. ಅವರು ಗೇಟು ದಾಟುವ ಮೊದಲೇ ಅವಳಿಗೆ ಗೊತ್ತಾಗಿಬಿಡುತ್ತಿತ್ತು, ಇವತ್ತು ಎಷ್ಟು, ಯಾವುದು, ಸಾಲದ್ದಕ್ಕೆ ಊಟ ಮಾಡಿದ್ದಾರೋ ಇಲ್ಲವೋ ಎನ್ನುವುದೂ. ಏನೂ ಹೇಳುತ್ತಿರಲಿಲ್ಲ. ಎದ್ದು ಒಳಗೆ ಹೋಗಿ ತಟ್ಟೆ ಇಡುತ್ತಿದ್ದಳು, ಇಲ್ಲವೇ ಇಡುತ್ತಿರಲಿಲ್ಲ. ತಟ್ಟೆ ಇಲ್ಲದ ದಿನ ಭಾವನಿಗೆ ತಾವು ಸಿಕ್ಕಿಬಿದ್ದದ್ದು ತಿಳಿಯುತ್ತಿತ್ತು.

ಮಂಡಿಯ ಕೆಲಸ ಹೋಯಿತು. ಕಾಮಾಲೆ ಬಂತು. ಹೊಟ್ಟೆ ಉಬ್ಬಿ ಕೈಕಾಲು ಕಡ್ಡಿಯಾದವು. ರೂಪಾ ಹೈಸ್ಕೂಲಿನಲ್ಲಿದ್ದಾಗ ಭಾವ ಹೋಗಿಬಿಟ್ಟರು. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಹಾಕಿದಳು. ಮೋಟರು ಕೂರಿಸಿಕೊಟ್ಟವನು ನಾನೇ. ಕೇರಿಯವರ ರಾಗಿ, ಅಕ್ಕಿ, ಖಾರದಪುಡಿ ಬೀಸುತ್ತ, ಎಳೆಮಕ್ಕಳಿರುವ ಮನೆಗಳಿಗೆ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು ಹಿಟ್ಟು ಮಾಡಿಕೊಡುತ್ತ ಮಗಳನ್ನು ಓದಿಸಿದಳು. ರೂಪಾ ತಿಪಟೂರಿನಲ್ಲಿ ಬಿ.ಎಸ್ಸಿ., ತುಮಕೂರಿನಲ್ಲಿ ಎಂ.ಎಸ್ಸಿ. ಮಾಡಿದಳು. ಓದಿದ್ದು ಸೂಕ್ಷ್ಮಜೀವಿಗಳ ವಿಷಯ. ಬೆಂಗಳೂರಿನಾಚೆ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. "ಅದೇನೋ ಬಾಟ್ಲು ತುಂಬೋ ಕಂಪ್ನಿ ಕಣ್ಲಾ, ಜ್ಯೂಸು ಕೆಟ್ಟೈತೋ ಇಲ್ವೋ ಅಂತ ಇವಳು ಪರೀಕ್ಷೆ ಮಾಡ್ಬೇಕಂತೆ" ಎಂದು ಅಕ್ಕ ನನಗೆ ಹೇಳಿದಳು. ಗಿರಣಿಗೆ ಬಂದವರಿಗೆಲ್ಲ ಹಾಗೆಯೇ ಹೇಳಿದಳು.

ಅದು ಜ್ಯೂಸಲ್ಲ ಎನ್ನುವುದು ನನಗೆ ಗೊತ್ತಾದದ್ದು ಹೋದ ವರ್ಷದ ಬೇಸಿಗೆಯಲ್ಲಿ. ತಾಮ್ರದ ತಂತಿ ತರಲು ಬೆಂಗಳೂರಿಗೆ ಹೋಗಿದ್ದೆ. ರೂಪಾ ಫೋನು ಮಾಡಿ, "ಮಾವ, ನಾನೆಲ್ಲಿ ಕೆಲ್ಸ ಮಾಡ್ತೀನಿ ನೋಡ್ಕೊಂಡು ಹೋಗು" ಎಂದು ಕರೆದಳು. ಹೋದೆ. ದೊಡ್ಡ ಶೆಡ್ಡು, ಒಳಗೆ ಆಳೆತ್ತರದ ಉಕ್ಕಿನ ಹಂಡೆಗಳು ಸಾಲಾಗಿ ನಿಂತಿದ್ದವು. ಅವುಗಳ ನಡುವಿನಿಂದ ರಬ್ಬರಿನ ಬೂಟು ಹಾಕಿಕೊಂಡು, ಕೂದಲಿಗೆ ಟೋಪಿ ಕಟ್ಟಿಕೊಂಡು ನಮ್ಮ ಹುಡುಗಿ ಬಂದಳು. ಮೊದಲು ನಾನು ಪಂಪುಗಳನ್ನು ನೋಡಿದೆ, ಅದು ನನ್ನ ಕಸುಬಿನ ದೋಷ. ಒಳ್ಳೆಯ ಮೋಟರುಗಳು. ಆಮೇಲೆ, ಇದರಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ.

"ಬಿಯರ್" ಎಂದಳು. ನನ್ನ ಮುಖವನ್ನೇ ನೋಡುತ್ತಿದ್ದಳು.

ಒಂದು ಹಂಡೆಯ ನಲ್ಲಿ ತಿರುಗಿಸಿ, ಅಂಥ ಸಪೂರ ಲೋಟದಲ್ಲಿ ಹಿಡಿದು ನನ್ನ ಕೈಗೆ ಕೊಟ್ಟಳು. ಒಣಹುಲ್ಲಿನ ಬಣ್ಣ, ಮೇಲೆ ಬೆರಳಗಲ ಬಿಳಿ ನೊರೆ. ಆಚೆ ಬಿಸಿಲು ಟಾರು ಕರಗಿಸುತ್ತಿತ್ತು, ಲೋಟ ಕೈಯಲ್ಲಿ ಬೆವರುತ್ತಿತ್ತು. ನಾನು ವಯಸ್ಸಿನಲ್ಲಿ ಗೆಳೆಯರ ಒತ್ತಾಯಕ್ಕೆ ಬಿಯರ್ ಕುಡಿದು, ಕಹಿ ತಾಳಲಾರದೆ ಉಪ್ಪಿನಕಾಯಿ ತಿಂದು ಮುಗಿಸಿದವನು. ಜೇಬಿನಿಂದ ಕರ್ಚೀಫು ತೆಗೆದು ಹಣೆಯ ವಿಭೂತಿ ಒರೆಸಿಕೊಂಡೆ. ರೂಪಾ ನಕ್ಕಳು. "ಒರೆಸಿದ್ರೆ ದೇವ್ರಿಗೆ ಗೊತ್ತಾಗಲ್ವಾ ಮಾವ?" ಎಂದಳು. ಒಂದು ಗುಟುಕು ಕುಡಿದು, ಲೋಕ ತಿರುಗಿದರೆ ಇರಲಿ ಎಂದು ಮೇಜು ಹಿಡಿದು ನಿಂತೆ. ಏನೂ ತಿರುಗಲಿಲ್ಲ. ಮೊದಲು ಹೊಸ ಬ್ರೆಡ್ಡಿನ ವಾಸನೆ ಬಂತು. ಆಮೇಲೆ ಎಲ್ಲೋ ಒಂದು ಹಣ್ಣು ಹೆಚ್ಚಿಟ್ಟಿದ್ದಾರೆ ಎನ್ನುವಂಥ ಸಣ್ಣ ಸಿಹಿ. ಕೊನೆಯಲ್ಲಿ ಹಾಗಲಕಾಯಿ ಬೇಯಿಸಿದ ಮನೆಯ ಮುಂದೆ ಹಾದುಹೋದಷ್ಟು ಕಹಿ. ಗಂಟಲಲ್ಲಿ ನಿಲ್ಲದೆ ಇಳಿದುಹೋಯಿತು.

"ಇದ ನಾನೇ ಮಾಡಿದ್ದು" ಎಂದಳು ರೂಪಾ. "ಬೇರೆಯವರು ಹೇಳ್ಕೊಟ್ಟಿದ್ದಲ್ಲ. ಹುದುಗು ಯಾವ್ದು, ಎಷ್ಟು ಬಿಸಿ, ಎಷ್ಟು ವಾರ ತಣ್ಣಗೆ ಮಲಗಿಸ್ಬೇಕು, ಎಲ್ಲಾ ನಂದೇ ಲೆಕ್ಕ." ನನ್ನ ಕೈಯಿಂದ ಲೋಟ ತೆಗೆದುಕೊಂಡು, "ಅಮ್ಮಂಗೆ ಹೇಳ್ಬೇಡ ಮಾವ. ನಾನೇ ಹೇಳ್ತೀನಿ. ಹೆಂಗೆ ಹೇಳೋದು ಅಂತ ಗೊತ್ತಾಗ್ತಾ ಇಲ್ಲ" ಎಂದಳು.

ನಾನು ಹೇಳಲಿಲ್ಲ. ಮೋಟರಿನೊಳಗೆ ತಂತಿ ಸುಟ್ಟಿದ್ದರೆ ಹೊರಗಿನ ಕವಚ ನೋಡಿ ಯಾರಿಗೂ ತಿಳಿಯುವುದಿಲ್ಲ, ಹಾಗೆ ಇದ್ದೆ. ಅಕ್ಕನ ಮನೆಗೆ ಹೋದಾಗ ಅವಳು, "ಮಗಳು ಜ್ಯೂಸು ತಂದ್ಕೊಡು ಅಂದ್ರೆ ತರಾಕಿಲ್ಲ ಅಂತಾಳೆ, ಅಷ್ಟೂ ಶಿಸ್ತಂತೆ ಕಂಪ್ನೀಲಿ" ಎಂದರೆ, ಹೌದು ಹೌದು ಎಂದು ಉಪ್ಪಿಟ್ಟು ತಿಂದು ಬರುತ್ತಿದ್ದೆ.

ಈ ಬೇಸಿಗೆ ಹೇಗಿತ್ತೆಂದು ನಿಮಗೇ ಗೊತ್ತು. ತೆಂಗಿನ ಗೊನೆಯಲ್ಲಿ ಎಳೆಗಾಯಿಗಳು ನಿಲ್ಲದೆ ಉದುರಿದವು. ಹಗಲಿಡೀ ಗಾಳಿ ಇರಲಿಲ್ಲ. ನನ್ನ ಅಂಗಡಿಗೆ ಸುಟ್ಟ ಮೋಟರುಗಳ ಸುಗ್ಗಿ. ಬೇರೆಯವರಿಗೆ ಕಷ್ಟ ಬಂದಾಗ ಕೈತುಂಬ ಕೆಲಸ ಸಿಗುವ ಕಸುಬು ನನ್ನದು, ಅದರ ಬಗ್ಗೆ ಸಂತೋಷಪಡಲೂ ಆಗುವುದಿಲ್ಲ. ಅಂಥ ಒಂದು ಮಧ್ಯಾಹ್ನ ಅಕ್ಕ ಫೋನು ಮಾಡಿದಳು. "ರೂಪಾ ಬಂದವ್ಳೆ. ನೀನೊಂದು ಗಳಿಗೆ ಬಂದು ಹೋಗು" ಎಂದಳು. ದನಿಯಲ್ಲಿ ಏನೂ ಇರಲಿಲ್ಲ. ಅಕ್ಕನ ದನಿಯಲ್ಲಿ ಏನೂ ಇಲ್ಲದಿದ್ದರೆ ನನಗೆ ಭಯ. ಅಂಗಡಿ ಮುಚ್ಚಿ ಬಸ್ಸು ಹತ್ತಿದೆ.

ನಾನು ಹೋದಾಗ ಕರೆಂಟಿರಲಿಲ್ಲ, ಗಿರಣಿ ನಿಂತಿತ್ತು. ಅಕ್ಕ ನಡುಮನೆಯ ನೆಲದ ಮೇಲೆ ಕೂತಿದ್ದಳು. ಎದುರಿಗೆ ಒಗೆಯಲು ತೆಗೆದ ಬಟ್ಟೆಯ ರಾಶಿ. ಪಕ್ಕದಲ್ಲಿ ರೂಪಾ ತಂದಿದ್ದ, ಐಸು ತುಂಬಿದ ನೀಲಿ ಡಬ್ಬ. ರೂಪಾ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅತ್ತು ಕಣ್ಣು ಕೆಂಪಾಗಿದ್ದವು.

ಅಕ್ಕ ರಾಶಿಯಿಂದ ರೂಪಾಳ ಕೆಲಸದ ಕೋಟನ್ನು ಎತ್ತಿ ನನಗೆ ಕೊಟ್ಟು, "ಇದ ಮೂಸು" ಎಂದಳು.

ಮೂಸಿದೆ. ಮೋಟರಿನ ತಂತಿಗೆ ಹಚ್ಚುವ ವಾರ್ನಿಷಿನ ವಾಸನೆಯಲ್ಲೇ ವಯಸ್ಸು ಕಳೆದ ಮೂಗು ನನ್ನದು, ಅದಕ್ಕೆ ಏನೂ ತಿಳಿಯಲಿಲ್ಲ. "ಬೆವರು" ಎಂದೆ.

"ಬೆವರಲ್ಲ. ಮೊದ್ಲು ಮೊಳಕೆ ರಾಗಿ ಹುರಿದಂಗೆ ಬತ್ತೈತೆ. ನಾನೂ ಅದ್ಕೇ ಸುಮ್ನಿದ್ದೆ, ನಮ್ಮ ಗಿರಣೀದೇ ಇರ್ಬೇಕು ಅಂತ. ಅದ್ರ ಹಿಂದೆ ಇನ್ನೊಂದೈತೆ. ಅದು ನಂಗೊತ್ತು." ಕೋಟನ್ನು ವಾಪಸು ತೆಗೆದುಕೊಂಡು ಮಡಚಿದಳು. ಒಗೆಯುವ ಬಟ್ಟೆಯನ್ನು ಯಾರಾದರೂ ಮಡಚುತ್ತಾರೆಯೇ? "ನಿಂಗೂ ಗೊತ್ತಿತ್ತಾ ಚಂದ್ರು?"

"ಗೊತ್ತಿತ್ತು ಅಕ್ಕ."

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಒಂದಿಷ್ಟು ಹಗುರವಾಗುತ್ತಿತ್ತು.

"ನಾನೇ ಹೇಳ್ಬೇಕು ಅಂತ್ಲೇ ಬಂದಿದ್ದು ಅಮ್ಮ" ಎಂದಳು ರೂಪಾ. "ಇವತ್ತು ರಾತ್ರಿ ಊಟ ಆದ್ಮೇಲೆ ಹೇಳಾನ ಅಂತಿದ್ದೆ. ಅಷ್ಟ್ರಲ್ಲಿ ನೀನು ಬಟ್ಟೆ ನೆನೆಸೋಕೆ ತಗೊಂಡೆ."

"ಕುಡೀತೀಯಾ?"

"ರುಚಿ ನೋಡ್ತೀನಿ. ಕೆಲ್ಸಾನೇ ಅದು. ನುಂಗ್ತೀನಿ. ಅದರಾಚೆಗೆ ಕುಡಿಯಲ್ಲ."

ಅಕ್ಕ ನೀಲಿ ಡಬ್ಬವನ್ನು ಕಾಲಿನಿಂದ ಮುಂದಕ್ಕೆ ತಳ್ಳಿದಳು. "ಇದ್ರಲ್ಲಿ ಅದೇ ಏನು?"

"ಹೂಂ. ಬ್ಯಾಡ ಬುಡಮ್ಮ, ಚೆಲ್ಬುಡ್ತೀನಿ."

"ಚೆಲ್ಲು ಅಂದ್ನಾ ನಾನು? ತೆಗಿ. ಲೋಟಕ್ಕೆ ಹಾಕು."

ರೂಪಾ ನನ್ನನ್ನು ನೋಡಿದಳು. ನಾನೇನು ಮಾಡಲಿ? ಅವಳು ಡಬ್ಬದಿಂದ ಒಂದು ತಗಡಿನ ಕ್ಯಾನು ತೆಗೆದಳು. ಬ್ಯಾಗಿನಲ್ಲಿ ಪೇಪರು ಸುತ್ತಿಟ್ಟಿದ್ದ ಎರಡು ಸಪೂರ ಲೋಟಗಳಲ್ಲಿ ಒಂದನ್ನು ಬಿಡಿಸಿದಳು. ಒಂದು ನನಗೆಂದು, ಒಂದು ಮನೆಗೆಂದು ತಂದಿದ್ದಳಂತೆ. ಲೋಟ ಓರೆ ಮಾಡಿ ನಿಧಾನಕ್ಕೆ ಸುರಿದಳು. ನೊರೆ ಒಂದಿಷ್ಟೂ ಚೆಲ್ಲಲಿಲ್ಲ. ಕಸುಬು ಕೈಗೆ ಹತ್ತಿದೆ ಎಂದುಕೊಂಡೆ, ಅಂಥ ಹೊತ್ತಿನಲ್ಲೂ.

ಅಕ್ಕ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆಮೇಲೆ ಮೂಗಿನ ಹತ್ತಿರ ತಂದು ಬಹಳ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದಳು. ನಮ್ಮ ವಂಶದಲ್ಲಿ ಹೆಂಗಸರಿರಲಿ, ಗಂಡಸರೂ ತುಟಿಗೆ ತಾಗಿಸಿದರೆ ಹೊರಗೆ ಹೇಳುವವರಲ್ಲ. ಗಿರಣಿಗೆ ಬಂದು ಹೋಗುವ ಊರಿನವರೆಲ್ಲ ಅಕ್ಕನ ಹೆಸರಿಗೆ ಕೈ ಮುಗಿಯುವವರು. ಅವಳು ಸೆರಗು ಎಳೆದುಕೊಂಡು, ಕಷಾಯ ಕುಡಿಯುವಾಗ ತಿರುಗುವಂತೆ ಗೋಡೆಯ ಕಡೆ ತಿರುಗಿ, ಒಂದು ಗುಟುಕು ಕುಡಿದಳು. ನುಂಗಿದಳು. ಇನ್ನೊಂದು ಗುಟುಕು ಕುಡಿದಳು. ಕತ್ತು ಬಗ್ಗಿಸಿ ಕೂತಳು.

"ಇಷ್ಟು ಹಗೂರಾಗಿರ್ತೈತಾ?" ಎಂದು ಕೇಳಿದಳು.

ರೂಪಾಳಿಗೆ ಉಸಿರು ಬಂತು. ಬಂದದ್ದೇ ತಡ, ಪಾಠ ಹೇಳುವವಳಂತೆ ಶುರುಮಾಡಿದಳು. ಬಾರ್ಲಿಯನ್ನು ರಾಗಿಯ ಹಾಗೆಯೇ ಮೊಳಕೆ ಕಟ್ಟಿ ಒಣಗಿಸುವುದು, ಕುದಿಸುವುದು, ಹುದುಗು ಹಾಕುವುದು, ಅದು ಕೆಲಸ ಮುಗಿಸಿದ ಮೇಲೆ ವಾರಗಟ್ಟಲೆ ಕೊರೆಯುವ ತಂಪಿನಲ್ಲಿ ಸುಮ್ಮನೆ ಬಿಡುವುದು. "ನಮ್ಮ ಅಟ್ಟದ ಮೇಲೆ ಕೊಬ್ಬರಿಗೆ ಅಂತ ಕಾಯಿ ಒಣಗೋಕೆ ಬುಟ್ಟಂಗೆ ಅಮ್ಮ. ಕೈ ಹಾಕಬಾರ್ದು, ಕಾಯ್ಬೇಕು." ಇದು ಕೋಲ್ಶ್, ಬೇಸಿಗೆಗೆ ಹೇಳಿಸಿದ ಹಗುರ ಬಿಯರ್ ಎಂದಳು. ಆ ಕಲೋನ್ ಊರಿನಲ್ಲಿ ಲೋಟ ಖಾಲಿಯಾದರೆ ಕೇಳದೆಯೇ ಇನ್ನೊಂದು ತಂದಿಡುತ್ತಾರಂತೆ. ಸಾಕು ಅಂದರೆ ಬಾಯಿ ಬಿಟ್ಟು ಹೇಳಬೇಕಿಲ್ಲ, ಲೋಟದ ಕೆಳಗೆ ಇಡುವ ರಟ್ಟಿನ ಬಿಲ್ಲೆಯನ್ನು ಲೋಟದ ಬಾಯಿಗೆ ಮುಚ್ಚಬೇಕು, ಅಷ್ಟೇ.

ಅಕ್ಕ ತನ್ನ ಅಂಗೈಯನ್ನು ಲೋಟದ ಮೇಲಿಟ್ಟಳು. "ಹಿಂಗಾ?"

"ಹೂಂ."

"ನಿಮ್ಮಪ್ಪಂಗೆ ಇದನ್ಯಾರೂ ಹೇಳ್ಕೊಡ್ಲಿಲ್ಲ."

ರೂಪಾಳ ಪಾಠ ಅಲ್ಲಿಗೆ ನಿಂತಿತು. "ಅಪ್ಪ ಕುಡೀತಿದ್ದಿದ್ದು ಇದಲ್ಲಮ್ಮ. ಅದು ಬ್ರಾಂದಿ. ಇದ್ಕೂ ಅದ್ಕೂ ಸಂಬಂಧ ಇಲ್ಲ" ಎಂದಳು.

"ಸಂಬಂಧ ಇಲ್ದೇ ಇದ್ರೆ ನನ್ನ ಮೂಗಿಗೆ ಹೆಂಗೆ ಸಿಗ್ತು?" ಅಕ್ಕ ಅಂಗೈಯನ್ನು ಲೋಟದ ಮೇಲಿಂದ ತೆಗೆದಿರಲಿಲ್ಲ. "ನೋಡು ರೂಪಾ. ನೀನು ಮಾಡಿದ್ದ ಕುಡ್ಕೊಂಡು ಯಾರೋ ಒಬ್ರು ಮನೆಗೆ ಹೋಗ್ತಾರೆ. ಅವ್ರ ಮನೇಲೂ ಒಬ್ಳು ಬಾಗ್ಲಲ್ಲಿ ಕೂತಿರ್ತಾಳೆ. ಅವಳ್ಗೆ ಏನು ಹೇಳ್ತೀಯ?"

ಮುಂದಿನ ಕೋಣೆಯಲ್ಲಿ ಬೀಸದೆ ಉಳಿದ ರಾಗಿಯ ಡಬ್ಬಗಳು ಸಾಲಾಗಿದ್ದವು. ನಾನು ಅವುಗಳನ್ನು ನೋಡುತ್ತಿದ್ದೆ. ಎಲ್ಲ ಕುಡಿಯುವವರೂ ಹಾಗಾಗುವುದಿಲ್ಲ, ಮದುವೆಯಲ್ಲಿ ಬಡಿಸಿದ ಲಾಡು ತಿಂದು ಸಕ್ಕರೆ ಕಾಯಿಲೆ ಬಂದರೆ ಅಡಿಗೆಯವನದು ತಪ್ಪೇ, ಎಂದೆಲ್ಲ ನನ್ನ ತಲೆಯಲ್ಲಿ ಮಾತು ಬಂತು. ಬಾಯಿಗೆ ಬರಲಿಲ್ಲ, ಬರದೇ ಇದ್ದದ್ದು ಒಳ್ಳೆಯದಾಯಿತು.

"ಏನು ಹೇಳ್ಬೇಕು ಅಂತ ಗೊತ್ತಿಲ್ಲ ಅಮ್ಮ" ಎಂದಳು ರೂಪಾ. "ಎಷ್ಟೋ ಸಲ ಯೋಚ್ನೆ ಮಾಡಿದೀನಿ. ಗೊತ್ತಿಲ್ಲ."

"ಇಷ್ಟು ಓದ್ದೋಳಿಗೆ ಬೇರೆ ಕೆಲ್ಸ ಇರ್ಲಿಲ್ವಾ? ಔಷಧಿ ಕಂಪ್ನಿ ಐತೆ, ಹಾಲಿನ ಡೈರಿ ಐತೆ. ಇದೇ ಯಾಕ್ ಬೇಕಾಗಿತ್ತು?"

ರೂಪಾ ಹತ್ತಿರ ಬಂದು ಅಮ್ಮನ ಎದುರು ಕೂತಳು.

"ನೀನು ಬಾಗ್ಲಲ್ಲಿ ಕೂತಿರ್ತಿದ್ದೆ. ನಾನು ಒಳ್ಗಡೆ ಪುಸ್ತಕ ಹಿಡ್ಕೊಂಡು ಕೂತಿರ್ತಿದ್ದೆ. ನಂಗೂ ವಾಸ್ನೆ ಬರೋದು ಅಮ್ಮ, ನಿನ್ನ ಮೂಗೇ ನಂದೂ. ನಿಂಗೆ ಹೊಟ್ಟೆ ಉರಿಯೋದು. ನಂಗೆ ಖುಷಿ ಆಗೋದು. ಅಪ್ಪ ಬಂದ್ರು ಅಂತ. ಕಡ್ಲೆಕಾಯಿ ಕೊಡ್ತಾರೆ, ಒಂದು ಕಥೆ ಹೇಳ್ತಾರೆ ಅಂತ. ನಂಗೆ ಆ ವಾಸ್ನೆ ಅಂದ್ರೆ ಅಪ್ಪ, ಅಷ್ಟೇ. ಅವ್ರು ಹೋದ್ಮೇಲೆ ಮನೇಲಿ ಆ ವಾಸ್ನೆ ಇರ್ಲಿಲ್ಲ. ನೀನು ಗೋಡೆಗೆಲ್ಲ ಸುಣ್ಣ ಹೊಡೆಸ್ದೆ. ಅವ್ರ ಶರ್ಟೆಲ್ಲ ಬಿಸಿನೀರಲ್ಲಿ ಒಗೆದು ಕೊಟ್ಬುಟ್ಟೆ. ಒಂದೂ ಇಟ್ಕೊಳ್ಳಿಲ್ಲ. ನಾನು ಕೇಳ್ಲಿಲ್ಲ. ಹೆಂಗೆ ಕೇಳ್ಲಿ?"

ಅಕ್ಕ ಅವಳನ್ನೇ ನೋಡುತ್ತಿದ್ದಳು.

"ಇಂಟರ್ವ್ಯೂಗೆ ಅಂತ ಆ ಕಂಪ್ನಿಗೆ ಹೋದೆ. ಹುದುಗು ಕೆಲ್ಸ ಮಾಡೋ ಹಂಡೆ ಮುಂದೆ ನಿಲ್ಲಿಸಿದ್ರು. ಬ್ರಾಂದಿ ವಾಸ್ನೆ ಅಲ್ಲ ಅದು, ಬೇರೆ. ಆದ್ರೂ ಎಲ್ಲೋ ಒಳಗೆ ಒಂದಿಷ್ಟು ಅದೇ. ಅಪ್ಪ ಗೇಟು ತೆಗೆದಂಗಾಯ್ತು. ಅವತ್ತೇ ಬತ್ತೀನಿ ಅಂತ ಒಪ್ಕೊಂಡ್ಬುಟ್ಟೆ."

ಬಿಸಿಲು ಕಿಟಕಿಯಿಂದ ನೆಲಕ್ಕೆ ಇಳಿದಿತ್ತು. ಲೋಟದ ಹೊರಮೈಯ ನೀರು ಸೋರಿ ನೆಲದ ಮೇಲೆ ಒಂದು ಬಳೆಯಷ್ಟು ಒದ್ದೆ ಮಾಡಿತ್ತು. ಅಕ್ಕ ಅಂಗೈ ತೆಗೆದು, ಲೋಟ ಎತ್ತಿ, ಉಳಿದದ್ದನ್ನು ಒಂದೇ ಸಲ ಕುಡಿದಳು. ಎದ್ದು ಹಿತ್ತಲಿಗೆ ಹೋಗಿ, ಲೋಟವನ್ನು ಬೂದಿ ಹಾಕಿ ತಿಕ್ಕಿ, ಎರಡೆರಡು ಸಲ ತೊಳೆದು, ಕಲ್ಲಿನ ಮೇಲೆ ಬೋರಲು ಹಾಕಿ ಬಂದಳು.

"ಚೆನ್ನಾಗೇ ಐತೆ" ಎಂದಳು. "ಕೆಟ್ಟದಾಗಿದ್ರೆ ಚೆನ್ನಾಗಿತ್ತು."

ರೂಪಾ ಅಳತೊಡಗಿದಳು. ಕೆಲಸ ಬಿಟ್ಟುಬಿಡುತ್ತೇನೆ, ಬೇರೆ ಹುಡುಕುತ್ತೇನೆ ಎಂದಳು. ಅಕ್ಕ ಬೇಡವೆಂದಳು. "ಬುಡೋದೇನೂ ಬ್ಯಾಡ. ಕಲ್ತಿದೀಯ, ಮಾಡು. ಆದ್ರೆ ಅದ್ರ ಮಾತು ನನ್ ಹತ್ರ ಆಡ್ಬೇಡ." ಆಮೇಲೆ ಒಲೆ ಹಚ್ಚಿ ಕಾಫಿ ಮಾಡಿಕೊಟ್ಟಳು. ಮೂವರೂ ಕುಡಿದೆವು. ನಾನು ಹೊರಡುವಾಗ ರೂಪಾ ಎರಡು ಲೋಟವನ್ನೂ ಪೇಪರಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದಳು. ಬಸ್ಸಿನ ಕುಲುಕಾಟಕ್ಕೆ ದಾರಿಯಲ್ಲಿ ಒಂದು ಒಡೆಯಿತು.

ಮಾರನೆಯ ಬೆಳಿಗ್ಗೆ ರೂಪಾ ಬೆಂಗಳೂರಿಗೆ ಹೋದಳು.

ಅಲ್ಲಿಂದ ಮುಂದೆ ನನ್ನ ಫೋನಿಗೆ ಬಿಡುವಿಲ್ಲ. ಮೊದಲು ತಾಯಿ ಮಗಳು ದಿನಾ ಅಷ್ಟುದ್ದ ಮಾತಾಡುತ್ತಿದ್ದವರು. ಈಗ ಊಟ ಆಯಿತಾ, ಆಯಿತು, ಮಳೆ ಬಂತಾ, ಇಲ್ಲ ಎನ್ನುವಲ್ಲಿಗೆ ಮುಗಿಯುತ್ತದೆ. ಉಳಿದದ್ದು ನನ್ನ ಮೂಲಕ ಹರಿಯುತ್ತದೆ. "ಅಮ್ಮನ ಮಂಡಿ ನೋವು ಹೆಂಗೈತೆ ಮಾವ?" ಎಂದು ಅವಳು ನನ್ನನ್ನು ಕೇಳುತ್ತಾಳೆ. "ಅವಳು ಸಣ್ಣಗಾಗವ್ಳಾ?" ಎಂದು ಇವಳು ಕೇಳುತ್ತಾಳೆ. ರೂಪಾಳ ಆ ತಿಳಿ ಬಿಯರ್ ಈ ಬೇಸಿಗೆಯಲ್ಲಿ ಅಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಹೋಯಿತಂತೆ. ಕಂಪನಿಯವರು ಅವಳನ್ನು ಎಲ್ಲರೆದುರು ನಿಲ್ಲಿಸಿ ಹೊಗಳಿದರಂತೆ. ಅದನ್ನು ಅವಳು ನನಗೆ ಹೇಳಿದಳು. ನಾನು ಯಾರಿಗೆ ಹೇಳಲಿ? ಹೆಂಡತಿಗೆ ಹೇಳಿದೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತ, "ಪಾಪ" ಎಂದಳು. ಯಾರಿಗೆ ಪಾಪ ಎಂದಳೋ ನಾನು ಕೇಳಲಿಲ್ಲ.

ಮಳೆ ಹಿಡಿಯುವ ಮೊದಲು ಒಂದು ದಿನ ಅಕ್ಕ ಗಿರಣಿಯ ಬೆಲ್ಟು ಕೊಳ್ಳಲು ತಿಪಟೂರಿಗೆ ಬಂದಳು. ಬೆಲ್ಟು ಕೊಡಿಸಿ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತೆವು. ಸುತ್ತ ಕಾಲೇಜು ಹುಡುಗಿಯರು, ಸಂತೆಯ ಚೀಲಗಳು, ಕಡಲೆಕಾಯಿ ಮಾರುವವರು. ರೂಪಾಳನ್ನು ಕಂಪನಿಯವರು ಹೊಗಳಿದ ಸುದ್ದಿಯನ್ನು ಹೇಗಾದರೂ ಹೇಳಿಬಿಡಬೇಕೆಂದು ನಾನು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವಳೇ ಮಾತಾಡಿದಳು, ನನ್ನನ್ನು ನೋಡದೆ.

"ಅವತ್ತು ಕುಡಿದ್ನಲ್ಲ ಚಂದ್ರು, ಸಂಜೆ ಆಗೋ ಹೊತ್ಗೆ ಮೈಯೆಲ್ಲ ಹಗೂರಾಗಿತ್ತು. ಮಂಡಿ ನೋವು ಮರ್ತೋಗಿತ್ತು. ರೂಪಾ ಮೇಲಿನ ಸಿಟ್ಟೂ ಎಲ್ಲೋ ಹೋಗಿತ್ತು. ಸುಮ್ನೆ ಗೋಡೆಗೆ ಒರಗಿ ಕೂತಿದ್ದೆ. ಹಂಗೇ ಕೂತಿರಾನ ಅನ್ನಿಸ್ತು. ಇನ್ನೊಂದು ಲೋಟ ಯಾರಾದ್ರೂ ತಂದಿಟ್ಟಿದ್ರೆ ಬ್ಯಾಡ ಅಂತಿದ್ನೋ ಇಲ್ವೋ."

ನಾನು ಬೆಲ್ಟಿನ ಚೀಲವನ್ನು ಕಾಲ ಬಳಿ ಇಟ್ಟೆ.

"ನಾನು ಅಷ್ಟು ವರ್ಷ ಬಾಗ್ಲಲ್ಲಿ ಕೂತು ಬರೀ ಮೂಸ್ದೆ ಕಣ್ಲಾ. ಎಷ್ಟು ಕುಡಿದವ್ರೆ, ಯಾವ್ದು ಕುಡಿದವ್ರೆ, ಅಷ್ಟೇ. ಯಾಕೆ, ಏನಾಗ್ತೈತೆ, ಹೆಂಗಿರ್ತೈತೆ ಅಂತ ಒಂದಿನಾನೂ ಕೇಳ್ಲಿಲ್ಲ. ಕೇಳಿದ್ರೆ ಹೇಳೋರು. ಮಾತು ಅಂದ್ರೆ ಅವ್ರಿಗೆ ಪ್ರಾಣ ಅಲ್ವಾ?"

ತುರುವೇಕೆರೆಯ ಬಸ್ಸು ಬಂದು ನಿಂತಿತು. ಜನ ನುಗ್ಗಿದರು. ನಾನು ಬೆಲ್ಟಿನ ಚೀಲ ಎತ್ತಿಕೊಂಡು ಎದ್ದೆ. ಅಕ್ಕ ಏಳಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು, ಭುಜ ಮಾತ್ರ ಅಲುಗುತ್ತಿತ್ತು. ಕಂಡಕ್ಟರ್ ಎರಡು ಸಲ ನಮ್ಮ ಕಡೆ ನೋಡಿದ. ನೀವು ಹೋಗಿ ಎಂದು ಅವನಿಗೆ ಕೈ ಮಾಡಿ, ನಾನು ಮತ್ತೆ ಅಕ್ಕನ ಪಕ್ಕ ಕೂತೆ. ಇನ್ನೊಂದು ಬಸ್ಸು ಬರುವವರೆಗೂ ನಾವು ಅಲ್ಲೇ ಇದ್ದೆವು.